ಗುಂಡನಿಗೆ ಪಾಠ
ಸುಲ್ತಾನ್‌ಪೇಟೆಯಲ್ಲಿ ನಲವತ್ತು ವರ್ಷ ಲಗ್ನಪತ್ರಿಕೆ ಮಾರಿ ಅಂಗಡಿ ಮುಚ್ಚಿದ ವಿಶ್ವಾರಾಧ್ಯರಿಗೆ ಈಗ ಒಂದೇ ಕಸುಬು, ಗೇಣುದ್ದದ ನಾಯಿ ಗುಂಡನಿಗೆ ಮರ್ಯಾದೆ ಕಲಿಸುವುದು. ಬೆಳಗ್ಗೆ ಅವರು ಎನ್.ಆರ್. ಕಾಲೋನಿಯ ರಸ್ತೆಗಿಳಿದರೆಂದರೆ ಹೂವಿನವರು, ಕೊರಿಯರಿನವರು, ವಿಳಾಸ ಹುಡುಕಿ ಬಂದವರು, ಯಾರೂ ಆ ಪಾಠದಿಂದ ಪಾರಾಗುವಂತಿಲ್ಲ. “ಹೊಸಬರನ್ನ ಕಂಡ್ರೆ ಬೊಗಳ್ತಾನೆ, ಒಂದ್ನಿಮಿಷ ನಿಂತು ಮಾತಾಡ್ಸಿ, ಕಲೀತಾನೆ” ಎಂದು ಕೈಗೆ ಬಿಸ್ಕತ್ತು ತುರುಕುತ್ತಾರೆ. ನಿಂತವರನ್ನು ಯಾವೂರು, ಮನೆಯಲ್ಲಿ ಮದುವೆ ಇದೆಯೇ ಎಂದು ವಿಚಾರಿಸುತ್ತಾರೆ. ಇದೆ ಎಂದರೆ ಹುಡುಗಿಯ ಹೆಸರು ಕೇಳಿ, “ಚಿನ್ನದ ಅಕ್ಷರದಲ್ಲಿ ಚೆನ್ನಾಗ್ ಕಾಣತ್ತೆ” ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ಗುಂಡ ಬೊಗಳುವುದನ್ನು ಬಿಟ್ಟು ಎರಡು ವರ್ಷವಾಯಿತು. ಅಪರಿಚಿತರನ್ನು ಕಂಡೊಡನೆ ತಾನಾಗಿಯೇ ಕೂರುತ್ತಾನೆ, ಅವರು ಹೊರಟೊಡನೆ ಏಳುತ್ತಾನೆ. ಅವನು ಹಗ್ಗ ಎಳೆದೆಳೆದು ಕರೆದರೂ, ಹೋದವರ ಬೆನ್ನು ನೋಡುತ್ತ ನಿಂತ ಯಜಮಾನರು ಮಾತ್ರ ಕದಲುವುದಿಲ್ಲ.