ಕುಂದೇಟಿಕೊಮ್ಮಿನ ಕಹಿ, ಕುರುಗೋಡಿನ ಪಾರಮ್ಮ

ರಾತ್ರಿಶಾಲೆಯಲ್ಲಿ ಕಲಿತ ನಾನು ಔಷಧ ಸಂಶೋಧನೆಯ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ. ತಿಳಿದವರು ಕ್ಷಮಿಸಬೇಕು. ಕಂಡದ್ದನ್ನೂ ಎರಡು ಸಲ ಕೇಳಿ ಖಚಿತಪಡಿಸಿಕೊಂಡದ್ದನ್ನೂ ಮಾತ್ರ ಬರೆದಿದ್ದೇನೆ.

ಬೆಳಗಿನ ಐದೂವರೆ. ಕುರುಗೋಡಿನ ಬೆಟ್ಟದಲ್ಲಿ ಬಂಡೆಗಳ ಸಂದಿಗೆ ಬಗ್ಗಿ ಪಾರಮ್ಮ ಎಲೆಯಿಲ್ಲದ, ಬೆರಳು ದಪ್ಪದ ಹಸಿರು ಕಡ್ಡಿಗಳನ್ನು ಚಿವುಟಿ ಬುಟ್ಟಿಗೆ ಹಾಕುತ್ತಿದ್ದಾರೆ. ಇದೇ ಕುಂದೇಟಿಕೊಮ್ಮು, ತೆಲುಗಿನಲ್ಲಿ ಮೊಲದ ಕೊಂಬು ಎಂದರ್ಥ. ವಾರಕ್ಕೆರಡು ಸಲ, ಎರಡೆರಡು ಸೇರು, ಬಸ್ಸಿನಲ್ಲಿ ಬಳ್ಳಾರಿಗೆ ಒಯ್ಯುತ್ತಾರೆ. ಇದು ಬೊಜ್ಜು ಕರಗಿಸುತ್ತದೆಯೇ ಎಂದು ಅಲ್ಲಿನ ಬ್ರೂಸ್‌ಪೇಟೆಯ ಡಾಕ್ಟರ್ ಹಾಲಸಿದ್ದಪ್ಪನವರು ಒಂಬತ್ತು ಮಂದಿಗೆ ಕೊಟ್ಟು ಪರೀಕ್ಷಿಸುತ್ತಿದ್ದಾರೆ.

“ಬುತ್ತಿ ಇಲ್ಲದ ದಿನ ಇದನ್ನ ಜಗದು ಕಳೆ ತೆಗೀತಿದ್ವಿರಿ. ಹಸಿವು ಹತ್ರ ಬರ್ತಿದ್ದಿಲ್ಲ,” ಎನ್ನುತ್ತಾರೆ ಪಾರಮ್ಮ. ಡಾಕ್ಟರರಿಗೆ ಕುತೂಹಲ ಹುಟ್ಟಿಸಿದ್ದೇ ಈ ಮಾತು. “ಈಗ ನೋಡ್ರಿ, ಉಂಡು ಉಬ್ಬಿದವ್ರು ತಿಂತಾರ.”

ಹೋದ ವರ್ಷ, ೧೯೫೧ರಲ್ಲಿ, ಈ ಕೆಲಸ ನಿಂತೇಹೋಗುವುದರಲ್ಲಿತ್ತು. ಹನ್ನೆರಡು ವಾರವಾದರೂ ಯಾರ ತೂಕವೂ ಇಳಿದಿರಲಿಲ್ಲ. ಹತ್ತಿ ವ್ಯಾಪಾರಿ ಮರಿಬಸಪ್ಪನವರು, “ಡಾಕ್ಟ್ರ, ನಿಮ್ಮ ಔಷಧಿ ಭಾಳ ರುಚಿ ಐತಿ. ಅದಿದ್ರ ಎರಡು ರೊಟ್ಟಿ ಹೆಚ್ಚು ಹೋಗ್ತಾವ,” ಎಂದರಂತೆ. ಡಾಕ್ಟರರು ‘ಪ್ರಯೋಜನವಿಲ್ಲ’ ಎಂದು ಬರೆಯಲು ಪೆನ್ನು ತೆಗೆದರು.

ಪಾರಮ್ಮ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳುತ್ತಿದ್ದರು. ಅವರ ಕೇರಿಯಲ್ಲಿ ಈ ಕಡ್ಡಿಯನ್ನು ಪರರಿಗೆ ಕೊಡುವಾಗ ಹೆಚ್ಚಿ, ಉಪ್ಪು ತಿಕ್ಕಿ, ಕಹಿನೀರು ಹಿಂಡಿ ಚೆಲ್ಲುವುದು ರೂಢಿ. ಮೊದಲ ದಿನದಿಂದ ಅವರು ತಂದದ್ದು ಹಾಗೆ ಹಿಂಡಿದ ಹೋಳುಗಳನ್ನೇ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ತಮ್ಮ ಹಸಿವು ತಡೆದ ಗಿಡಕ್ಕೆ ಕೆಟ್ಟ ಹೆಸರು.

“ಕಹಿ ನಾನ ತೆಗದೀನ್ರಿ,” ಎಂದುಬಿಟ್ಟರು.

“ಯಾಕವ್ವ ತೆಗದಿ?”

“ಮಂದಿಗೆ ಕಹಿ ಹೆಂಗ ಕೊಡಾದ್ರಿ?”

ಡಾಕ್ಟರರು ಹನ್ನೆರಡು ವಾರದ ತೂಕದ ಹಾಳೆಗಳಿಗೆ ಅಡ್ಡಗೆರೆ ಎಳೆದು, “ಇನ್ನ ಮ್ಯಾಲೆ ಹಿಂಡಬ್ಯಾಡ,” ಎಂದಷ್ಟೇ ಹೇಳಿದರಂತೆ.

ಈಗ ಕಡ್ಡಿ ಇದ್ದಂತೆಯೇ ಬರುತ್ತದೆ. “ನೀ ಸುಮ್ಮನಿದ್ದಿದ್ರ ನನ್ನ ಬಾಯಿ ಚೆಂದ ಇರ್ತಿತ್ತಲ್ಲಬೇ,” ಎಂದು ಮರಿಬಸಪ್ಪನವರು ಮುಖ ಕಿವುಚಿಕೊಂಡೇ ಜಗಿಯುತ್ತಾರೆ. ಅವರು ಏಳು ಪೌಂಡು ಇಳಿದಿದ್ದಾರೆ. ಇನ್ನು ಐವರು ಅಷ್ಟಿಷ್ಟು ಇಳಿದಿದ್ದಾರೆ. ಮೂವರು ಇಳಿದೇ ಇಲ್ಲ.

ನಿಮ್ಮ ಆಸೆಯೇನು ಎಂದು ಪಾರಮ್ಮನನ್ನು ಕೇಳಿದೆ. “ನಂದೇನೈತ್ರಿ. ಗಿಡ ಸುಳ್ಳಲ್ಲ ಅಂತ ಬರೀರಿ, ಸಾಕು.”

ಅಷ್ಟು ಬರೆಯುವ ಅಧಿಕಾರ ನನಗಿಲ್ಲ. ತೂಕ ಇಳಿಸಿದ್ದು ಕಡ್ಡಿಯೊಳಗಿನ ಯಾವುದೋ ಸತ್ವವೋ, ಬಾಯಿ ಕಹಿಯಾಗಿ ಊಟ ಸೇರದಿದ್ದುದೋ, ಡಾಕ್ಟರರಿಗೆ ಇನ್ನೂ ತಿಳಿದಿಲ್ಲ. ನನಗೂ ಗೊತ್ತಿಲ್ಲ.