ಹುಲಿಗೆವ್ವ ಅತ್ತ ಶನಿವಾರ

ಹುಲಿಗೆವ್ವ ಕೊಪ್ಪಳದ ಕಡೆಯವಳು. ಮದುವೆಯಾದ ವರ್ಷವೇ ಗಂಡನ ಹಿಂದೆ ಕಾಪುವಿಗೆ ಬಂದಳು. ಗಂಡ ಬಾಲಪ್ಪ ಗಾರೆ ಕೆಲಸದವ. ಇವಳು ಅವನಿಗೆ ಕಲ್ಲು, ಸಿಮೆಂಟು ಹೊತ್ತು ಕೊಡುವವಳು. ಇಬ್ಬರೂ ಕಟ್ಟಿದ ಮನೆಗಳು ಉಡುಪಿ, ಮಣಿಪಾಲದಲ್ಲಿ ಬೇಕಾದಷ್ಟಿವೆ. ಇವರು ಇದ್ದದ್ದು ಮಾತ್ರ ಬಾಡಿಗೆಯ ಲೈನ್ ಮನೆಯ ಒಂದು ಕೋಣೆಯಲ್ಲಿ.

ಆ ವರ್ಷ ಕೆಂಪು ಕಲ್ಲಿಗೆ, ಮರಳಿಗೆ ತತ್ವಾರ ಬಂತು. ಕೆಲಸ ನಿಂತಿತು. ಬಾಲಪ್ಪ ಬೆಳಿಗ್ಗೆ ಬುತ್ತಿ ಹಿಡಿದು ಪೇಟೆಯಲ್ಲಿ ಕೂಲಿಗೆ ಕಾಯುವುದು, ಮಧ್ಯಾಹ್ನ ಅದೇ ಬುತ್ತಿ ಹಿಡಿದು ವಾಪಸು ಬರುವುದು. ಒಂದು ದಿನ ಅಂಗಡಿಯ ಕಟ್ಟೆಗೆ ಒರಗಿ ಕೂತವ ಏಳಲಿಲ್ಲ. ನಿದ್ದೆ ಎಂದುಕೊಂಡರು. ಎದೆ ನಿಂತಿತ್ತು. ಬುತ್ತಿ ಬಿಚ್ಚಿರಲಿಲ್ಲ. ಊರಲ್ಲಿ ತನ್ನವರೆಂದು ಯಾರೂ ಉಳಿದಿರಲಿಲ್ಲ. ಇಲ್ಲೇ ಮಣ್ಣು ಮಾಡಿದರು.

ಹುಲಿಗೆವ್ವನ ಊರಲ್ಲಿ ಸತ್ತವರಿಗೆ ಬರೀ ಕಣ್ಣೀರು ಹಾಕುವುದಿಲ್ಲ. ಮಾತು ಕಟ್ಟಿ ಅಳುತ್ತಾರೆ. ಸತ್ತವ ಹೇಗೆ ನಗುತ್ತಿದ್ದ, ಏನು ತಿನ್ನುತ್ತಿದ್ದ, ಎಲ್ಲ ಹೇಳಿ, ಒಬ್ಬರ ಕೊರಳಿಗೆ ಒಬ್ಬರು ಬಿದ್ದು ಅಳುತ್ತಾರೆ. ಇಲ್ಲಿ ಅವಳು ಬಾಯಿ ತೆರೆದದ್ದೇ ತಡ, ಲೈನ್ ಮನೆಯ ಯಜಮಾನರು ಬಂದರು.

“ಸ್ವಲ್ಪ ಮೆಲ್ಲ ಅಳು ಮಾರಾಯ್ತಿ. ಪಕ್ಕದಲ್ಲಿ ಬಾಣಂತಿ ಉಂಟು.”

ತಪ್ಪು ಮಾತಲ್ಲ. ಹುಲಿಗೆವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತುರುಕಿದ ಅಳು ಅಲ್ಲೇ ನಿಂತಿತು. ನಿದ್ದೆ ಇಲ್ಲ. ಅನ್ನ ಇಳಿಯದು. ರೊಟ್ಟಿ ತಟ್ಟಲು ಕೂತರೆ ಕೈ ನಡುಗುವುದು. ರೊಟ್ಟಿಯನ್ನೇ ಬಿಟ್ಟಳು. ಪಾತ್ರೆ ತೊಳೆಯುವ ಮನೆಗಳಲ್ಲಿ ಕಪ್ಪು, ಬಸಿ ಒಡೆದವು, ಆ ಮನೆಗಳೂ ಹೋದವು. ಉಳಿದದ್ದು ಆನಿಯ ಮನೆ ಒಂದೇ.

ಆನಿಯ ಗಂಡ ಜೋಕಿಮ್ ಗಲ್ಫಿನಲ್ಲಿದ್ದವ. ಕಂಪನಿ ಮುಚ್ಚಿದ ಮೇಲೆ ಊರಿಗೆ ಬಂದು ರಿಕ್ಷಾ ಓಡಿಸುತ್ತಿದ್ದ. ಆನಿಗೂ ಚಿಂತೆ ಕಡಿಮೆ ಇರಲಿಲ್ಲ. ಅವಳೇ ಇವಳನ್ನು ಶನಿವಾರದ ಕೂಟಕ್ಕೆ ಕರೆದುಕೊಂಡು ಹೋದದ್ದು. ಇಗರ್ಜಿಯ, ಅಂದರೆ ಚರ್ಚಿನ, ಹಿಂದಿನ ಕೋಣೆಯಲ್ಲಿ ಬೀಡಿ ಕಟ್ಟುವವರು, ಮೀನು ಮಾರುವವರು, ಕೆಲಸ ಹೋದವರು, ಎಲ್ಲ ಜಾತಿಯ ಹೆಂಗಸರು ಸೇರುತ್ತಿದ್ದರು. ನಡೆಸುವವರು ರಿಟೈರ್ ಆದ ಆನ್ಸಿಲ್ಲಾ ಟೀಚರ್. ಮೊದಲು ಕಣ್ಣು ಮುಚ್ಚಿ ಉಸಿರು ಎಳೆದು ಬಿಡುವುದು. ಆಮೇಲೆ ಒಬ್ಬೊಬ್ಬರೇ ಮನಸ್ಸಿನಲ್ಲಿದ್ದದ್ದು ಹೇಳುವುದು.

ಹುಲಿಗೆವ್ವನ ಸರದಿ ಬಂದರೆ ಒಂದೇ ಮಾತು. “ಆರಾಮ ಅದೀನ್ರೀ.”

“ಆರಾಮ ಇದ್ರೆ ಇಲ್ಲಿಗೆ ಯಾಕೆ ಬರ್ತಿ? ಚಾ ಕುಡಿಯಲಿಕ್ಕಾ?” ಎಂದು ಹೆಜಮಾಡಿಯ ಮೀನಿನವಳು ಕೆಣಕುವಳು.

“ಚಾನೂ ಚಲೋ ಇರ್ತೈತಲ್ರೀ.”

ನಗು. ಅಷ್ಟೇ.

ಮಳೆಗಾಲದಲ್ಲಿ ಜೋಕಿಮ್ ಜಾಂಡೀಸಿನಲ್ಲಿ ತೀರಿಕೊಂಡ. ಆಗ ಹುಲಿಗೆವ್ವ ಜ್ವರ ಬಂದು ಮಲಗಿದ್ದಳು, ಮಣ್ಣಿಗೂ ಹೋಗಲಾಗಲಿಲ್ಲ, ಆಮೇಲೆ ಆನಿಯ ಮನೆಯ ಕೆಲಸಕ್ಕೂ ಹೋಗಿರಲಿಲ್ಲ. ಮುಂದೆ ಒಂದು ಶನಿವಾರ ಆನಿ ಕಪ್ಪು ಸೀರೆ ಉಟ್ಟು ಕೂಟಕ್ಕೆ ಬಂದಳು. ಎಲ್ಲರೂ ಹೆಗಲು ಮುಟ್ಟಿದರು. ಒಳ್ಳೆ ಮನುಷ್ಯ, ದೇವರು ಸಮಾಧಾನ ಕೊಡಲಿ ಎಂದರು. ಆನಿ ತಲೆ ಆಡಿಸಿದಳು. ಕಣ್ಣು ಒಣಗಿಯೇ ಇತ್ತು.

ಹುಲಿಗೆವ್ವ ತಡವಾಗಿ ಬಂದವಳು ಬಾಗಿಲಿನಿಂದಲೇ ಆ ಕಪ್ಪು ಸೀರೆ ಕಂಡಳು. ಸಾವಾದವರನ್ನು ಮೊದಲ ಸಲ ಕಂಡಾಗ ಏನು ಮಾಡಬೇಕೆಂದು ಅವಳ ಊರು ಕಲಿಸಿದ್ದು ಒಂದೇ. ಹೋದಳು. ಕೊರಳಿಗೆ ಬಿದ್ದಳು. ದನಿ ತೆಗೆದಳು.

“ಎಲ್ಲಿ ಹೋದ್ಯೋ ನನ್ನಣ್ಣಾ, ತಿರುವಿನಾಗ ಹಾರ್ನ್ ಹೊಡದು ಬರಾಂವಾ! ನನ್ನ ಕಂಡ್ರ ಹುಲಿ ಬಂತು, ಬೆಕ್ಕು ಒಳಗ ಕಟ್ರಿ ಅಂತ ನಗಸಾಂವಾ! ಮೀನಿನ ತಲಿ ತಾ ತಿಂದು ನಡುವಿನ ತುಂಡು ಹೆಂಡ್ತಿಗೆ ಇಡಾಂವಾ! ಈಗ ಯಾವ ಊರಿಗೆ ಬಾಡಿಗಿ ಹೋದ್ಯೋ ಅಣ್ಣಾ...”

ಆನಿ ಮರದ ಹಾಗೆ ನಿಂತಿದ್ದಳು. ನಡುವಿನ ತುಂಡು ಎಂದಾಗ ಅವಳ ಗಂಟಲಿನಿಂದ ಏನೋ ಹೊರಟಿತು. ಇಬ್ಬರೂ ನೆಲಕ್ಕೆ ಕುಸಿದರು. ಹುಲಿಗೆವ್ವನ ದನಿ ಆಗ ಜೋಕಿಮನನ್ನು ಬಿಟ್ಟು ಬೇರೆ ಕಡೆ ತಿರುಗಿತ್ತು.

“ನನ್ನ ದೊರಿಯೇ, ಬುತ್ತಿನಾದ್ರೂ ಉಂಡು ಹೋಗಬಾರದಿತ್ತೇನೋ...”

ಇಗರ್ಜಿಯ ಕೆಲಸದ ರಾಯ್‌ಸ್ಟನ್ ಓಡಿ ಬಂದ. “ಎಂತಾಯ್ತು? ಯಾರಿಗೆ?”

“ಎಂತದ್ದೂ ಇಲ್ಲ. ಬಾಗಿಲು ಎಳೆದುಕೊಂಡು ಹೋಗು ಮಾರಾಯ,” ಎಂದರು ಟೀಚರ್.

ಮನೆಗೆ ಬಂದ ಮೇಲೆ ಹುಲಿಗೆವ್ವನಿಗೆ ನಾಚಿಕೆ ಹತ್ತಿತು. ದೇವರಿರುವ ಜಾಗವನ್ನು ಹೆಣದ ಮನೆ ಮಾಡಿದೆ ಎಂದುಕೊಂಡಳು. ಆನಿಯ ಮನೆಗೆ ಕೆಲಸಕ್ಕೂ ಹೋಗಲಿಲ್ಲ, ಮುಂದಿನ ಶನಿವಾರ ಕೂಟಕ್ಕೂ ಹೋಗಲಿಲ್ಲ. ಆ ಸಂಜೆ ಆನಿಯೇ ಬಂದಳು.

“ತಪ್ಪಾತ್ರೀ ಅಕ್ಕಾರ,” ಎಂದಳು ಹುಲಿಗೆವ್ವ.

“ತಪ್ಪು ಎಂತದು? ಅಷ್ಟು ಜನ ಬಂದ್ರು, ಎಲ್ಲ ಒಳ್ಳೆ ಮನುಷ್ಯ ಒಳ್ಳೆ ಮನುಷ್ಯ ಅಂದ್ರು. ಆ ಹಾರ್ನಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ನಾನು ಈಗಲೂ ತಿರುವಿಗೆ ಕಿವಿ ಕೊಟ್ಟು ಕೂತುಕೊಳ್ತೇನೆ ಹುಲಿಗೆವ್ವ.” ಹತ್ತಿರ ಸರಿದು ಕೇಳಿದಳು. “ನಿನ್ನದು ಎಂತದು ಬುತ್ತಿ?”

“ಜ್ವಾಳದ ರೊಟ್ಟಿ, ಪುಂಡಿಪಲ್ಯ. ಕೆಲಸ ಸಿಗವಲ್ದು ಅಂತ ಮಾರಿ ಸಣ್ಣದು ಮಾಡಿದ್ರು. ಅದಕ್ಕ ಅವರಿಗೆ ಸೇರೋದು ಮಾಡಿದ್ದೆ.”

“ಹೆಸರೆಂತ ಅವನದ್ದು?”

“ಗಂಡನ ಹೆಸರು ಹೇಳಬಾರದ್ರೀ.”

“ಹೆಸರು ಬೇಡ. ಹೇಗೆ ನಗ್ತಿದ್ದ, ಅದು ಹೇಳು.”

ಹುಲಿಗೆವ್ವ ಹೇಳಿದಳು. ಹೇಳುತ್ತಾ ಅತ್ತಳು, ಯಜಮಾನರು ಬರಲಿಲ್ಲ. ಆಮೇಲೆ ಹಿಟ್ಟು ನಾದಿದಳು. ಎಷ್ಟೋ ದಿನದ ಮೇಲೆ ತಟ್ಟಿದಳು. ರೊಟ್ಟಿ ಓರೆ ಬಂತು, ದಪ್ಪ ಬಂತು.

“ಇದು ರೊಟ್ಟಿಯಾ, ಹೆಂಚಾ?” ಎಂದಳು ಆನಿ. ಆದರೂ ತಿಂದಳು. ಹುಲಿಗೆವ್ವನೂ ತಿಂದಳು.

ಕೆಲಸ ಈಗಲೂ ಕಡಿಮೆಯೇ. ಶನಿವಾರ ಇಬ್ಬರೂ ಹೋಗುತ್ತಾರೆ. ಉಸಿರು ಎಳೆದು ಬಿಡುವುದು ಈಗಲೂ ಉಂಟು. ಆದರೆ ಅದಕ್ಕೂ ಮೊದಲು ಟೀಚರ್ ಎದ್ದು ಬಾಗಿಲು ಹಾಕುತ್ತಾರೆ.