ಎಂಬತ್ತೊಂದು ಎಸಳು

ಮೊನ್ನೆ ಅಟ್ಟ ಗುಡಿಸುವಾಗ ಕೆಂಪು ಇಂಕಿನ ಹಳೇ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ತೆಗೆದು ಮೂಸಿದೆ. ವಾಸನೆ ಇನ್ನೂ ಹೋಗಿಲ್ಲ ಕಣ್ರೀ... ಮೇಲಿನ ಮನೆಯವರು ನೆನಪಾದರು.

ತೊಂಬತ್ತರ ದಶಕದ ಮಾತು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಹೊಸ ಮೆಷಿನ್ ಕೂರಿಸಲು ಚೀನಾದಿಂದ ಬಂದಿದ್ದ ಅವರು ನಮ್ಮ ಮಹಡಿ ಮೇಲಿನ ರೂಮಿನಲ್ಲಿದ್ದರು. ಐವತ್ತರ ಆಸುಪಾಸು. ಅವರದೂ ನನ್ನದೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಉಳಿದದ್ದು ಕೈಸನ್ನೆ. ಡಿಸೆಂಬರ್ ಕೊನೆಯಲ್ಲಿ ಗೋಡೆಗೆ ಒಂದು ಹಾಳೆ ಅಂಟಿಸಿದರು. ಒಂದು ಕೊಂಬೆ, ಅದರಲ್ಲಿ ಒಂಬತ್ತು ಹೂವು, ಹೂವಿಗೆ ಒಂಬತ್ತು ಎಸಳು. ದಿನಕ್ಕೊಂದು ಎಸಳಿಗೆ ಕೆಂಪು ಇಂಕು ಬಳಿಯುತ್ತಿದ್ದರು.

"ಇದೇನವ್ವ ಇಂಗೆ ದಿನಾ ಬಳೀತಾರೆ? ಮಾಟ ಗೀಟ ಏನಾರಾ?" ಎಂದರು ನಮ್ಮತ್ತೆ.

ನನಗೋ ಕುತೂಹಲ ತಡೆಯಲಾಗಲಿಲ್ಲ. ಕಸ ಗುಡಿಸುವ ನೆಪದಲ್ಲಿ ಹೋಗಿ ಕೇಳಿಯೇಬಿಟ್ಟೆ. ವರ್ಷದ ಅತಿ ಚಿಕ್ಕ ಹಗಲಿನಿಂದ ಎಂಬತ್ತೊಂದು ದಿನ ಅವರೂರಲ್ಲಿ ಕೊರೆಯುವ ಚಳಿಯಂತೆ. ಎಸಳು ಮುಗಿದರೆ ಚಳಿಯೂ ಮುಗಿದಂತೆ. ಮೋಡವಿದ್ದರೆ ಎಸಳಿನ ಮೇಲರ್ಧ ಬಳಿಯಬೇಕು, ಬಿಸಿಲಿಗೆ ಕೆಳಗರ್ಧ, ಗಾಳಿಗೆ ಎಡ, ಮಳೆಗೆ ಬಲ, ಹಿಮಕ್ಕೆ ನಟ್ಟನಡುವೆ. ಊರಲ್ಲಿ ಕಾಯಿಲೆ ಬಿದ್ದಿದ್ದ ತಾಯಿಯೂ ಇಂಥದ್ದೇ ಹಾಳೆ ತುಂಬುತ್ತಿದ್ದರು. ಮಾರ್ಚ್‌ನಲ್ಲಿ ಮಗ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೆಂದು ಮಾತಾಗಿತ್ತಂತೆ. ಮಗ ಎಂಥ ಆಕಾಶದ ಕೆಳಗಿದ್ದ ಅಂತ ಆಕೆಗೆ ತಿಳಿಯಬೇಕಿತ್ತು, ಅಷ್ಟೇ.

ಫೆಬ್ರವರಿಯಲ್ಲಿ ಅವರು ಜ್ವರ ಬಂದು ಐದು ದಿನ ಆಸ್ಪತ್ರೆ ಸೇರಿದರು. ಪಾಪ, ಎಸಳು ಖಾಲಿ ಉಳಿಯುತ್ತಲ್ಲ ಅಂತ ನಾನೇ ಇಂಕು ತೆಗೆದುಕೊಂಡು, ರಂಗೋಲಿಗೆ ಬಣ್ಣ ತುಂಬುವ ಹಾಗೆ ಐದನ್ನೂ ಅಂಚಿನವರೆಗೆ ತುಂಬಿಬಿಟ್ಟೆ. ಯಾವ ದಿನ ಬಿಸಿಲಿತ್ತು, ಯಾವ ದಿನ ಗಾಳಿಯಿತ್ತು ಅಂತ ಯಾರು ನೋಡಿದ್ದರು? ಚೆಂದ ಕಂಡರೆ ಸಾಕು ಅಂದುಕೊಂಡೆ.

ಆಸ್ಪತ್ರೆಯಿಂದ ಬಂದು ಹಾಳೆ ನೋಡಿದಾಗ ಅವರ ಮುಖ ಸಣ್ಣಗಾಯಿತು. "ಅಮ್ಮ ಕೇಳ್ತಾರೆ" ಅಂದರು.

ನನಗೆ ಭೂಮಿಗಿಳಿದುಹೋದಂತಾಯಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದರು. "ಸೋಮ್ವಾರ ಸಂಡಿಗೆ ಆಕಿದ್ದೆ, ಗರಿಗರಿ ಒಣಗ್ತು. ಬಿಸ್ಲು ಅಂತ ಬರ್ಕೊಳ್ಳಿ ಸಾರ್. ಮಂಗ್ಳವಾರ ನಿನ್ ಸೀರೆ ಆರ್ಕೊಂಡು ಪಕ್ಕದ್ಮನೆ ಮ್ಯಾಲೆ ಓಗಿರ್ಲಿಲ್ವೇನೇ? ಅದು ಗಾಳಿ." ಹೀಗೆ ಬಟ್ಟೆ, ಬೆರಣಿ, ಸಂಡಿಗೆ ಹಿಡಿದು ಐದು ದಿನವನ್ನೂ ಹುಡುಕಿ ತೆಗೆದೆವು. ನಾನು ಹೇಳುತ್ತಾ ಹೋದ ಹಾಗೆ ಅವರು ಬಿಳಿ ಕಾಗದದಲ್ಲಿ ಹೊಸ ಎಸಳು ಕತ್ತರಿಸಿ, ಬಳಿದು, ಹಳೆಯದರ ಮೇಲೆ ಅಂಟಿಸಿದರು.

ಕೊನೇ ಎಸಳಿನ ಹೊತ್ತಿಗೆ ನಮ್ಮಲ್ಲಿ ಸೆಕೆಗೆ ಫ್ಯಾನ್ ತಿರುಗುತ್ತಿತ್ತು. ಇಂಕಿನ ಬಾಟಲಿ ರೂಮಿನಲ್ಲೇ ಬಿಟ್ಟು, ಹಾಳೆ ಸುತ್ತಿಕೊಂಡು ಊರಿಗೆ ಹೊರಟರು.

ಎರಡು ತಿಂಗಳಿಗೆ ಪತ್ರ ಬಂತು. ಅವರು ತಲುಪುವಷ್ಟರಲ್ಲಿ ತಾಯಿ ತೀರಿಹೋಗಿದ್ದರು. ಆಕೆಯ ಹಾಳೆಯಲ್ಲಿ ಹದಿನಾಲ್ಕು ಎಸಳು ಖಾಲಿ ಉಳಿದಿದ್ದವಂತೆ. "ನಿಮ್ಮ ಅತ್ತೆಯ ಹಾಗೆ ಬೀದಿಯವರನ್ನೆಲ್ಲ ಕೇಳಿದೆ, ಯಾವತ್ತು ಬಟ್ಟೆ ಒಣಗಿತು, ಯಾವತ್ತು ಹಿಮ ಬಿತ್ತು ಅಂತ. ಅಮ್ಮನ ಹಾಳೆ ತುಂಬಿತು" ಎಂದು ಬರೆದಿದ್ದರು. ಓದಿ ಹೇಳಿದಾಗ ಅತ್ತೆ ಕಣ್ಣೊರೆಸಿಕೊಂಡರು.

ಉತ್ತರ ಬರೆಯಬೇಕು ಅಂತಿದ್ದೆ. ನನ್ನ ಇಂಗ್ಲಿಷಿಗೆ ನಾಚಿಕೊಂಡು ನಾಳೆ, ನಾಡಿದ್ದು ಅಂತ ತಳ್ಳಿದೆ... ಆಮೇಲೆ ವಿಳಾಸವೂ ಕಳೆದುಹೋಯಿತು. ಈಗ ಅವರು ಇದ್ದಾರೋ ಇಲ್ಲವೋ. ಅತ್ತೆ ಹೋಗಿಯೂ ಆರು ವರ್ಷವಾಯಿತು. ಆ ದಿನ ಬಿಸಿಲಿತ್ತೋ ಮೋಡವಿತ್ತೋ ಅಂತ ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ.